ಸ್ಟೇರಿಂಗ್ ಎಣ್ಣೆಯ ಮಡಿ

ಮಂಗಳೂರಿನ ದಕ್ಕೆಯಲ್ಲಿ, ಎಂದರೆ ಮೀನಿನ ಬೋಟುಗಳು ಬಂದು ನಿಲ್ಲುವ ಕಟ್ಟೆಯಲ್ಲಿ, ನನ್ನನ್ನು ಎಲ್ಲರೂ ಎಣ್ಣೆ ಭಟ್ರು ಎಂದು ಕರೆಯುತ್ತಾರೆ. ಮೊದಮೊದಲು ಮೈ ಉರಿಯುತ್ತಿತ್ತು. ಅಪ್ಪ ಕದ್ರಿ ಗುಡ್ಡದ ಕೆಳಗಿನ ಒಂದು ಸಣ್ಣ ದೇವಸ್ಥಾನದಲ್ಲಿ ಜೀವಮಾನವಿಡೀ ಪೂಜೆ ಮಾಡಿದವರು, ಅಣ್ಣ ಕಾಲೇಜು ಮೇಷ್ಟ್ರು. ನಾನೊಬ್ಬ ಮಾತ್ರ ಮೀನಿನ ಬೋಟುಗಳ ಸ್ಟೇರಿಂಗ್ ರಿಪೇರಿ ಮಾಡಿಕೊಂಡು ಬಂದರಿಗೆ ಬಿದ್ದವನು. ಬೆಳಗ್ಗೆ ಮನೆಯಿಂದ ಹೊರಡುವಾಗ ಗಂಧದ ಪರಿಮಳ, ಸಂಜೆ ತಿರುಗಿ ಬರುವಾಗ ಡೀಸೆಲ್ಲು ಮತ್ತು ಬಂಗುಡೆ. ಅಮ್ಮ ಇವತ್ತಿಗೂ ನನ್ನನ್ನು ಬಾವಿಕಟ್ಟೆಯ ಹತ್ತಿರ ನಿಲ್ಲಿಸಿ, ಮಿಂದ ಮೇಲೆಯೇ ಒಳಗೆ ಬಿಡುವುದು. ಐವತ್ತೆಂಟು ವರ್ಷದ ಮಗ ಎಂಬ ಮುಲಾಜೇನೂ ಇಲ್ಲ.

ಆದರೆ ಆ ಹೆಸರು ಅಂಟಿದ್ದು ನನ್ನ ಕಿರಿಕಿರಿಯಿಂದ. ಅದನ್ನು ಸ್ವಲ್ಪ ವಿವರಿಸಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಮರದ ಬೋಟುಗಳ ಕಾಲದಲ್ಲಿ ಚಕ್ರಕ್ಕೂ ಚುಕ್ಕಾಣಿಗೂ ನಡುವೆ ಚೈನು ಇರುತ್ತಿತ್ತು. ಗ್ರೀಸ್ ಹಚ್ಚಿದರೆ ಮುಗಿಯಿತು. ಸ್ಟೀಲ್ ಬೋಟುಗಳು ಬಂದ ಮೇಲೆ ಹೈಡ್ರಾಲಿಕ್ ಬಂತು. ಚಕ್ರದ ಹಿಂದೆ, ಮೇಲೊಂದು ಎಣ್ಣೆ ತುಂಬುವ ಮುಚ್ಚಳವಿರುವ ಸಣ್ಣ ಪಂಪು ಇರುತ್ತದೆ. ಚಕ್ರ ತಿರುಗಿಸಿದರೆ ಅದು ಎಣ್ಣೆಯನ್ನು ಪೈಪಿನಲ್ಲಿ ತಳ್ಳುತ್ತದೆ. ಬೋಟಿನ ಹಿಂಭಾಗದಲ್ಲಿರುವ ಸಿಲಿಂಡರು ಆ ಒತ್ತಡಕ್ಕೆ ಚಾಚಿಕೊಂಡು ನೀರಿನೊಳಗಿನ ಚುಕ್ಕಾಣಿಯನ್ನು ತಿರುಗಿಸುತ್ತದೆ. ಪಂಪಿನೊಳಗೆ ಕಡಲೆಕಾಳಿಗಿಂತ ಸಣ್ಣದೊಂದು ಉಕ್ಕಿನ ಗುಂಡು ತೂತಿನ ಮೇಲೆ ಕೂತಿರುತ್ತದೆ. ಮುಂದೆ ಹೋದ ಎಣ್ಣೆಯನ್ನು ಹಿಂದೆ ಬಿಡದಿರುವುದೇ ಅದರ ಕೆಲಸ. ಆ ಗುಂಡಿನ ಅಡಿಯಲ್ಲಿ ಒಂದು ಮರಳಿನ ಕಣ ಸಿಕ್ಕಿಕೊಂಡರೂ ಸಾಕು, ಎಣ್ಣೆ ಹಿಂದಕ್ಕೆ ಜಾರುತ್ತದೆ. ಚಕ್ರ ಕೈಯಲ್ಲಿ ಸುಮ್ಮನೆ ಸುತ್ತುತ್ತದೆ, ಬೋಟು ತಿರುಗುವುದಿಲ್ಲ.

ನಡುಗಡಲಿನಲ್ಲಿ ಹಾಗಾದರೆ ಬೈದುಕೊಂಡು ಸರಿ ಮಾಡಿಕೊಳ್ಳಬಹುದು. ಅಳಿವೆ ಬಾಗಿಲಿನಲ್ಲಿ ಆದರೆ ಬೈಯಲಿಕ್ಕೂ ಪುರುಸೊತ್ತು ಇರುವುದಿಲ್ಲ. ಎರಡು ನದಿಗಳು ಸೇರಿ ಕಡಲಿಗೆ ಬೀಳುವ ಜಾಗ ಅದು. ಒಂದು ಬದಿಗೆ ಮರಳಿನ ದಿಬ್ಬ, ಇನ್ನೊಂದು ಬದಿಗೆ ಕಲ್ಲಿನ ದಂಡೆ. ಒಳಗೆ ಬರುವ ಬೋಟನ್ನು ಹಿಂದಿನಿಂದ ಬಂದ ತೆರೆ ಒಮ್ಮೆ ಅಡ್ಡ ಮಾಡಿತೆಂದರೆ, ಮಗುಚಲಿಕ್ಕೆ ಇನ್ನೆರಡು ತೆರೆ ಸಾಕು.

ಹಾಗಾಗಿ ನಾನು ಎಣ್ಣೆಗೆ ಮಡಿ ಮಾಡುತ್ತೇನೆ. ನಗಬೇಡಿ. ಅಮ್ಮ ಉಪ್ಪಿನಕಾಯಿ ಭರಣಿಗೆ ಮಾಡುವುದನ್ನೇ ನಾನು ಎಣ್ಣೆಯ ಕ್ಯಾನಿಗೆ ಮಾಡುವುದು. ಮುಚ್ಚಳದ ಸುತ್ತ ಒರೆಸದೆ ಮುಚ್ಚಳ ತೆಗೆಯುವ ಹಾಗಿಲ್ಲ. ಎಣ್ಣೆ ಹಾಕುವ ಆಲಿಕೆ ಅದರದ್ದೇ ಡಬ್ಬದಲ್ಲಿ, ಬೇರೆ ಯಾವುದಕ್ಕೂ ಮುಟ್ಟಿಸುವ ಹಾಗಿಲ್ಲ. ಗಾಳಿ ಜೋರಿದ್ದರೆ ಕ್ಯಾಬಿನ್ನಿನ ಬಾಗಿಲು ಹಾಕಿಯೇ ಕೆಲಸ. ಎಂಜಿನ್ ಒರೆಸುವ ಬನಿಯನ್ ವೇಸ್ಟು, ಅದೇ ಆ ನೂಲುನೂಲು ಚಿಂದಿ, ಅದನ್ನು ಯಾರಾದರೂ ಪಂಪಿನ ಹತ್ತಿರ ತಂದರೆ ನನ್ನ ಬಾಯಿಯಿಂದ ಬರುವ ತುಳುವನ್ನು ಇಲ್ಲಿ ಬರೆಯಲಾಗದು. ಒಂದು ಎಳೆ ನೂಲು ಎಂತ ಮಾಡೀತು ಎಂದು ಕೇಳಿದವರಿಗೆಲ್ಲ ನಾನೇ ಪಾಠ ಹೇಳಿದ್ದೇನೆ. ಈ ಮಾತು ನೆನಪಿರಲಿ.

ನನ್ನ ಈ ಮಡಿಯನ್ನು ಅತಿ ಹೆಚ್ಚು ತಮಾಷೆ ಮಾಡುತ್ತಿದ್ದವರು ಒಂದು ಸ್ಟೀಲ್ ಬೋಟಿನ ತಂಡೇಲರು. ತಂಡೇಲ ಎಂದರೆ ಬೋಟು ನಡೆಸುವವರು, ಚಕ್ರ ಹಿಡಿಯುವವರು. ಇವರ ಮನೆ ತೊಕ್ಕೊಟ್ಟಿನಿಂದ ಆಚೆ. ನನಗಿಂತ ಎರಡು ವರ್ಷ ದೊಡ್ಡವರು. ಅವರ ಮನೆಮಾತು ಇಲ್ಲಿನ ಮುಸ್ಲಿಮರು ಆಡುವ ಬ್ಯಾರಿ, ನನ್ನದು ತುಳು. ಮಾಮೂಲು ಮಾತೆಲ್ಲ ತುಳುವಿನಲ್ಲೇ ನಡೆಯುತ್ತಿತ್ತು, ತಮಾಷೆಗೆ ಮತ್ತು ಜಗಳಕ್ಕೆ ಮಾತ್ರ ಇಬ್ಬರೂ ಕನ್ನಡಕ್ಕೆ ಬರುತ್ತಿದ್ದೆವು. ನಾನು ಕ್ಯಾನು ಹಿಡಿದುಕೊಂಡು ಬಂದರೆ ಅವರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬಾಗಿಲ ಹೊರಗೆ ನಿಲ್ಲುತ್ತಿದ್ದರು.

"ಭಟ್ರೇ, ನಾನು ಇಲ್ಲಿ ನಿಂತು ಉಸಿರು ಬಿಡ್ಬಹುದಾ? ಅಥವಾ ಅದಕ್ಕೂ ಮೀಯ್ಬೇಕಾ?"

"ಆ ಕಡೆ ತಿರುಗಿ ಬಿಡಿ ಮಾರಾಯ್ರೇ."

ಅವರು ನಿಜವಾಗಿಯೂ ಕಡಲಿನ ಕಡೆ ತಿರುಗಿ ದೊಡ್ಡದಾಗಿ ಉಸಿರು ಬಿಡುತ್ತಿದ್ದರು. ಬಲೆ ಎಳೆಯುವ ಖಲಾಸಿಗಳು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಹನ್ನೊಂದು ವರ್ಷ ಹೀಗೆ ನಡೆಯಿತು.

ಹನ್ನೊಂದನೆಯ ವರ್ಷ ಮಳೆಗಾಲದಲ್ಲಿ ಬೋಟುಗಳು ದಡದಲ್ಲಿದ್ದಾಗ ಎಂದಿನಂತೆ ಅವರ ಬೋಟಿನ ಹಳೆ ಎಣ್ಣೆ ಇಳಿಸಿದೆ. ಹೊಸದು ಹಾಕಬೇಕು. ಸೀಲ್ ಇದ್ದ ಸಣ್ಣ ಕ್ಯಾನುಗಳು ಆ ಸಲ ಎಲ್ಲಿಯೂ ಸಿಗಲಿಲ್ಲ. ದೊಡ್ಡ ಡ್ರಮ್ಮಿನಿಂದ ಅಳೆದು ಕೊಡುವ ಎಣ್ಣೆ ತಂದೆ. ಡ್ರಮ್ಮಿನ ಎಣ್ಣೆಯನ್ನು ಸೋಸದೆ ಹಾಕುವ ಜಾತಿ ನನ್ನದಲ್ಲ. ನನ್ನ ಸ್ಟೀಲ್ ಜಾಲರಿ ನೋಡಿದರೆ ಒಂದು ಬದಿ ಹರಿದಿತ್ತು.

ಮನೆಯಲ್ಲಿ ಅದನ್ನೇ ಗೊಣಗುತ್ತಿದ್ದಾಗ ಅಮ್ಮ ಪೆಟ್ಟಿಗೆಯಿಂದ ಅಪ್ಪನ ಹಳೆಯ ಪಾಣಿಪಂಚೆ ತೆಗೆದು ನಾಲ್ಕು ತುಂಡು ಮಾಡಿದರು. ಅಪ್ಪ ಹೋಗಿ ಆಗ ವರ್ಷ ಕಳೆದಿತ್ತು. ಪಾಣಿಪಂಚೆ ಎಂದರೆ ಮಿಂದು ಪೂಜೆಗೆ ಹೋಗುವಾಗ ಉಡುವ ತೆಳುವಾದ ಹತ್ತಿ ಬಟ್ಟೆ, ಬಿಳಿ ಮೈ, ಸಪೂರ ಕೆಂಪು ಅಂಚು. ನಮ್ಮ ಮನೆಯಲ್ಲಿ ತುಪ್ಪ, ಕಷಾಯ, ಕಾಯಿಹಾಲು ಎಲ್ಲ ಸೋಸುವುದು ಹಳೆ ಪಾಣಿಪಂಚೆಯಲ್ಲೇ. ನೂರಾರು ಸಲ ಒಗೆದು ಮಗುವಿನ ಕೆನ್ನೆಯಷ್ಟು ಮೆತ್ತಗಾಗಿರುತ್ತದೆ. ಬೇರೆ ಬಟ್ಟೆಗೆ ತಾಗಿಸದೆ ಒಣಗಿಸಿ, ಯಾರೂ ಮುಟ್ಟದ ಹಾಗೆ ಮಡಚಿಟ್ಟದ್ದು.

"ಇದಕ್ಕಿಂತ ಮಡಿಯ ಬಟ್ಟೆ ನಿನಗೆ ಮಂಗಳೂರಲ್ಲೇ ಸಿಗ್ಲಿಕ್ಕಿಲ್ಲ," ಎಂದರು ಅಮ್ಮ.

ನಾನು ಮಿಂದು, ಮನೆಯ ಹಿಂದಿನ ಜಗಲಿಯಲ್ಲಿ ಕೂತು, ಅಪ್ಪನ ಬಟ್ಟೆಯಲ್ಲಿ ಐದು ಲೀಟರ್ ಎಣ್ಣೆ ಸೋಸಿದೆ. ಹೊಂಬಣ್ಣದ ಎಣ್ಣೆ ನಿಧಾನವಾಗಿ ಇಳಿಯುವುದನ್ನು ನೋಡಿ ಖುಷಿಯಾಯಿತು. ಮರುದಿನ ಬೋಟಿಗೆ ತುಂಬಿಸಿದೆ. ಪೈಪಿನ ಗಾಳಿ ತೆಗೆಯುವಾಗ ತಂಡೇಲರೇ ಚಕ್ರ ತಿರುಗಿಸಿದರು.

ಆಗಸ್ಟಿನಲ್ಲಿ ಬೋಟುಗಳು ಹೊರಟವು. ಮೊದಲ ಟ್ರಿಪ್ಪಿನಿಂದ ವಾಪಸಾಗುವಾಗ ಈ ಬೋಟಿನ ಚಕ್ರ ಅಳಿವೆ ಬಾಗಿಲಿನಲ್ಲೇ ಕೈಕೊಟ್ಟಿತು. ಬೋಟು ಅಡ್ಡವಾಯಿತು. ಸ್ಟೇರಿಂಗ್ ಹೋದರೆ ಉಪಯೋಗಕ್ಕೆಂದು ಹಿಂಭಾಗದಲ್ಲಿ ಒಂದು ಕಬ್ಬಿಣದ ದಂಡ ಇಟ್ಟಿರುತ್ತೇವೆ. ಅದನ್ನು ಚುಕ್ಕಾಣಿಯ ತಲೆಗೆ ಸಿಕ್ಕಿಸಿ ಇಬ್ಬರು ಖಲಾಸಿಗಳು ತಳ್ಳಿದರು, ಮುಂದಿನಿಂದ ತಂಡೇಲರು ಎಂಜಿನ್ ಹಿಂದೆ ಮುಂದೆ ಮಾಡಿದರು, ಹೇಗೋ ಒಳಗೆ ಬಂದರು. ದಂಡ ಹಿಂದಕ್ಕೆ ಹೊಡೆದು ಒಬ್ಬ ಖಲಾಸಿಯ ಮುಂಗೈ ಮುರಿಯಿತು.

ಫೋನ್ ಬಂದಾಗ ನಾನು ಇನ್ನೊಂದು ಬೋಟಿನಲ್ಲಿದ್ದೆ. ಓಡಿಕೊಂಡು ಹೋದೆ. ಆ ಖಲಾಸಿಯನ್ನು ರಿಕ್ಷಾಕ್ಕೆ ಹತ್ತಿಸುತ್ತಿದ್ದರು, ಅವನ ಮುಖ ಬೂದಿಯಾಗಿತ್ತು. ಕ್ಯಾಬಿನ್ನಿಗೆ ಹೋಗಿ ಪಂಪಿನ ಮುಚ್ಚಳ ಒರೆಸಿ ತೆಗೆದೆ, ಟಾರ್ಚ್ ಹಾಕಿ ನೋಡಿದೆ. ಎಣ್ಣೆಯಲ್ಲಿ ನವಿರಾದ ಜೂಲು ತೇಲುತ್ತಿತ್ತು. ನೂಲಿನ ಜೂಲು.

"ಯಾರು ಮುಚ್ಚಳ ತೆಗ್ದದ್ದು?" ಎಂದು ಕೇಳಿದೆ.

"ಯಾರೂ ತೆಗೀಲಿಲ್ಲ," ಎಂದರು ತಂಡೇಲರು. ಅವರ ಅಂಗಿ ಬೆವರಿಗೋ ಕಡಲ ನೀರಿಗೋ ಪೂರಾ ಒದ್ದೆಯಾಗಿತ್ತು.

"ತೆಗೀದೆ ಇದೆಲ್ಲಿಂದ ಬಂತು? ಮೇಲಿಂದ ಉದುರಿತಾ?"

"ನನಗೆ ಎಂತ ಗೊತ್ತು ಭಟ್ರೇ. ನಾನು ಮುಟ್ಟಲಿಲ್ಲ."

ಚಕ್ರದ ಕೆಳಗೆ ಬಗ್ಗಿ ನೋಡಿದೆ. ಅಲ್ಲಿ ಒಂದು ಮುಷ್ಟಿ ಬನಿಯನ್ ವೇಸ್ಟು ಬಿದ್ದಿತ್ತು. ಎತ್ತಿ ಅವರ ಮುಖದ ಮುಂದೆ ಹಿಡಿದೆ.

"ಅದು ಗ್ಲಾಸು ಒರೆಸ್ಲಿಕ್ಕೆ," ಎಂದರು.

ಅಷ್ಟು ಸಾಕಾಯಿತು ನನಗೆ. ನನಗೆ ಸಿಟ್ಟು ಬಂದರೆ ಕಣ್ಣು ಕಾಣುವುದಿಲ್ಲ, ಮನೆಯವರಿಗೆಲ್ಲ ಗೊತ್ತು. ಎಣ್ಣೆ ಕಮ್ಮಿಯಾಗಿದೆ ಎಂದುಕೊಂಡು ಇವರು ಮುಚ್ಚಳ ತೆಗೆದಿದ್ದಾರೆ, ಆ ಚಿಂದಿಯಲ್ಲಿ ಒರೆಸಿದ್ದಾರೆ, ಈಗ ಸುಳ್ಳು ಹೇಳುತ್ತಿದ್ದಾರೆ. ಇಷ್ಟೂ ನನ್ನ ತಲೆಯಲ್ಲಿ ಒಂದೇ ಕ್ಷಣದಲ್ಲಿ ತೀರ್ಮಾನವಾಯಿತು. ದಕ್ಕೆಯಲ್ಲಿ ಜನ ಸೇರಿದ್ದರು. ನಾನು ಹೇಳಿದೆ:

"ನಿನ್ನ ಕೈ ತಾಗಿದ್ದೇ ಎಣ್ಣೆ ಹಾಳಾದದ್ದು. ಇನ್ನು ನನ್ನ ಎಣ್ಣೆ ನೀನು ಮುಟ್ಟಬೇಡ."

ಹನ್ನೊಂದು ವರ್ಷದಲ್ಲಿ ನಾನು ಅವರಿಗೆ ನೀನು ಎಂದದ್ದು ಅದೇ ಮೊದಲು. ನನ್ನಂಥವನ ಬಾಯಿಯಿಂದ ಅವರಂಥವರಿಗೆ ಕೈ, ತಾಗುವುದು, ಮುಟ್ಟುವುದು ಎಂಬ ಮಾತು ಬಂದರೆ ಅದು ಎಣ್ಣೆಯ ಮಾತಾಗಿ ಉಳಿಯುವುದಿಲ್ಲ. ಅದು ನನಗೆ ಹೇಳಿ ಮುಗಿದ ಮೇಲೆ ಹೊಳೆಯಿತು. ಅವರು ತಿರುಗಿ ಬೈಯಲಿಲ್ಲ. ತಮ್ಮ ಎರಡು ಕೈಗಳನ್ನು ಒಮ್ಮೆ ನೋಡಿಕೊಂಡರು, ಅಂಗಿಗೆ ಒರೆಸಿಕೊಂಡರು, ಬೋಟಿನಿಂದ ಇಳಿದು ಹೋದರು. ಹಿಂದಕ್ಕೆ ಕರೆಯಬೇಕಿತ್ತು. ಕರೆಯಲಿಲ್ಲ.

ಬೋಟಿನ ಧಣಿ ಒಬ್ಬರು ಹೆಂಗಸು. ಅವರ ಹಿರಿಯರಿಗೆ ಗದ್ದೆ ಬೇಸಾಯ ಇತ್ತಂತೆ. ಈಗ ಕೊಡಿಯಾಲ್‌ಬೈಲಿನಲ್ಲಿ ಒಂದು ಹೋಟೆಲು, ದಕ್ಕೆಯಲ್ಲಿ ಎರಡು ಬೋಟು. ಎಲ್ಲರೂ ಅವರನ್ನು ಅಕ್ಕ ಎನ್ನುತ್ತಾರೆ, ಅವರಿಗಿಂತ ದೊಡ್ಡವರೂ. ಮಧ್ಯಾಹ್ನ ಅವರೇ ಫೋನ್ ಮಾಡಿದರು.

"ಭಟ್ರೇ, ಅವರು ಎಣ್ಣೆಗೆ ಕೈ ಹಾಕಿದ್ದು ಹೌದಾ? ನೀವು ಹೌದು ಅಂದ್ರೆ ಹೌದು, ಅಲ್ಲ ಅಂದ್ರೆ ಅಲ್ಲ. ನಾನು ಬೇರೆ ಯಾರನ್ನೂ ಕೇಳುವುದಿಲ್ಲ."

"ಹೌದು," ಎಂದೆ.

"ಒಬ್ಬನ ಕೈ ಮುರ್ದಿದೆ. ನಾಳೆ ಜೀವ ಹೋದ್ರೆ ನಾನು ಯಾರಿಗೆ ಉತ್ತರ ಕೊಡ್ಲಿ? ಬೇರೆ ತಂಡೇಲರನ್ನು ಮಾತಾಡ್ತೇನೆ. ನೀವು ಸರಿ ಮಾಡಿ. ನಾಡಿದ್ದು ಟ್ರಯಲ್ ಇವರೇ ಕೊಂಡುಹೋಗ್ಲಿ, ನೀವೂ ಒಟ್ಟಿಗೆ ಹೋಗಿ. ವಾಪಸು ಬಂದ ಮೇಲೆ ನಾನು ಕೀ ತಕೊಳ್ತೇನೆ."

ಇದರ ಅರ್ಥ ಏನೆಂದು ದಕ್ಕೆಯಲ್ಲಿ ಎಲ್ಲರಿಗೂ ಗೊತ್ತು. ಸ್ಟೇರಿಂಗ್ ಹಾಳು ಮಾಡಿ ಇಳಿಸಲ್ಪಟ್ಟ ತಂಡೇಲನ ಕೈಗೆ ಮತ್ತೆ ಯಾರೂ ಬೋಟು ಕೊಡುವುದಿಲ್ಲ. ಅರವತ್ತು ವರ್ಷಕ್ಕೆ ಬೇರೆಯವರ ಕೆಳಗೆ ಖಲಾಸಿಯಾಗಿ ಬಲೆ ಎಳೆಯುವ ಹಾಗೂ ಇಲ್ಲ. ಅವರಿಗೆ ಗೊತ್ತಿದ್ದದ್ದು ಚಕ್ರ ಒಂದೇ. ಅದು ಹೋಗುತ್ತಿದ್ದದ್ದು ನನ್ನ ಒಂದು ಹೌದಿನಿಂದ.

ನನಗೆ ಆಗಲೂ ಅನುಮಾನ ಬರಲಿಲ್ಲ. ಪಂಪು ಬಿಚ್ಚಿ ಗುಂಡಿನ ಅಡಿ ನೋಡಬೇಕಿತ್ತು, ನೋಡಲಿಲ್ಲ. ಬಿಚ್ಚಿದರೆ ಒಳಗಿನ ರಬ್ಬರ್ ರಿಂಗುಗಳನ್ನೆಲ್ಲ ಬದಲಿಸಬೇಕು, ಒಂದು ದಿನ ಹೋಗುತ್ತದೆ. ಕಾರಣ ಹೇಗೂ ಗೊತ್ತಿದೆಯಲ್ಲ ಎಂಬ ಧಿಮಾಕು. ಎಣ್ಣೆ ಇಳಿಸಿದೆ, ಎರಡು ಸಲ ಹೊಸ ಎಣ್ಣೆ ಓಡಿಸಿ ತೊಳೆದೆ. ತುಂಬಿಸಲಿಕ್ಕೆ ಮತ್ತೆ ಸೋಸಿದ ಎಣ್ಣೆ ಬೇಕಾಯಿತು. ಅಮ್ಮನ ಹತ್ತಿರ ಇನ್ನೊಂದು ತುಂಡು ಕೇಳಿದೆ.

"ಇದರ ಅಂಚು ಕತ್ತರಿಸ್ಲಿಲ್ಲ ನೋಡು. ನನಗೆ ಕಣ್ಣು ಸರಿ ಕಾಣುವುದಿಲ್ಲ," ಎಂದು ಅಮ್ಮ ಕೆಂಪು ಅಂಚಿದ್ದ ತುಂಡು ಕೊಟ್ಟರು.

ಪರವಾಗಿಲ್ಲ ಎಂದೆ. ಈ ಸಲ ಒಂದಲ್ಲ, ಎರಡು ಮಡಿಕೆ ಮಾಡಿ ಸೋಸಿದೆ, ಹೆಚ್ಚು ಶುದ್ಧವಾಗಲಿ ಎಂದು.

ಮರುದಿನ ಗಾಳಿ ತೆಗೆಯುವ ಕೆಲಸಕ್ಕೆ ತಂಡೇಲರು ಬಂದರು. ಇದು ಇಬ್ಬರ ಕೆಲಸ. ನಾನು ಹಿಂದೆ ಸಿಲಿಂಡರಿನ ಹತ್ತಿರ ಪಾರದರ್ಶಕ ಟ್ಯೂಬು ಹಾಕಿ ಗುಳ್ಳೆ ನೋಡುವುದು, ಅವರು ಮುಂದೆ ಚಕ್ರ ತಿರುಗಿಸುವುದು. ಬೇರೆ ವರ್ಷ ಆಗಿದ್ದರೆ ಅವರ ಬಾಯಿ ಮುಚ್ಚಿಸಲಿಕ್ಕೆ ಆಗುತ್ತಿರಲಿಲ್ಲ. ಆ ದಿನ ನಾನು ಎಡ ಎಂದರೆ ಎಡ, ಬಲ ಎಂದರೆ ಬಲ. ಗುಳ್ಳೆ ನಿಂತಿತು, ಟ್ಯೂಬಿನಲ್ಲಿ ಎಣ್ಣೆ ಒಂದೇ ಸಮನೆ ಬಂತು. ಅವರು ಪಂಪಿನ ಹತ್ತಿರ ಸುಳಿಯದೆ ಹೊರಗೆ ಹೋಗಿ ನಿಂತರು.

ಅದರ ಮರುದಿನ ಬೆಳಗ್ಗೆ ಟ್ರಯಲಿಗೆ ಹೊರಟೆವು. ಕ್ಯಾಬಿನ್ನಿನಲ್ಲಿ ಅವರು ಮತ್ತು ನಾನು, ಹಿಂದೆ ಇಬ್ಬರು ಖಲಾಸಿಗಳು. ಅವರ ಕಾಲ ಬುಡದಲ್ಲಿ ಒಂದು ಚೀಲ ಇತ್ತು. ಬೋಟಿನಲ್ಲಿದ್ದ ಅವರ ಸಾಮಾನು: ಲುಂಗಿ, ಚಪ್ಪಲಿ, ಮೇಲೆ ಫ್ರೇಮ್ ಹಾಕಿದ ಮೊಮ್ಮಗಳ ಒಂದು ಫೋಟೋ. ಆ ಫೋಟೋ ಮೂರು ವರ್ಷದಿಂದ ಚಕ್ರದ ಎದುರು ಗ್ಲಾಸಿಗೆ ಒರಗಿ ಕೂತಿರುತ್ತಿತ್ತು. ಖಾಲಿ ಜಾಗವನ್ನು ನಾನು ನೋಡಲಿಲ್ಲ ಎಂದು ತೋರಿಸಿಕೊಂಡೆ.

ಹೊರಗೆ ಹೋಗುವಾಗ ತೊಂದರೆಯಾಗಲಿಲ್ಲ. ಕಡಲು ಸಣ್ಣಗೆ ಏಳುತ್ತಿತ್ತು. ಅವರು ಎಡಕ್ಕೆ ಬಲಕ್ಕೆ ಪೂರ್ತಿ ತಿರುಗಿಸಿ ನೋಡಿದರು, ಚಕ್ರ ಗಟ್ಟಿಯಾಗಿತ್ತು. ನನಗೆ ಹೆಮ್ಮೆ. ನೋಡಿ, ಶುದ್ಧ ಎಣ್ಣೆ ಎಂದರೆ ಹೀಗೆ ಎಂದು ಹೇಳಬೇಕೆನಿಸಿತು. ಹೇಳದೆ ಉಳಿದದ್ದು ನನ್ನ ಪುಣ್ಯ. ಒಂದು ಗಂಟೆ ತಿರುಗಿ ವಾಪಸು ಹೊರಟಾಗ ಗಾಳಿ ಎದ್ದಿತ್ತು. ಅಳಿವೆ ಬಾಗಿಲಿನ ಮೇಲೆ ಬಿಳಿ ನೊರೆ ಕಾಣುತ್ತಿತ್ತು.

"ಸ್ವಲ್ಪ ನಿಲ್ಲುವಾ?" ಎಂದು ಕೇಳಿದೆ.

"ನಿಂತರೆ ಇನ್ನೂ ಜಾಸ್ತಿ ಆಗ್ತದೆ," ಎಂದರು. ಎರಡು ದಿನದಲ್ಲಿ ಅವರು ನನ್ನೊಡನೆ ಆಡಿದ ಮೊದಲ ಪೂರ್ತಿ ವಾಕ್ಯ ಅದು.

ಬಾಗಿಲೊಳಗೆ ಅರ್ಧ ಬಂದಿದ್ದೆವು. ಹಿಂದಿನಿಂದ ಒಂದು ತೆರೆ ಎತ್ತಿತು, ಬೋಟಿನ ಮೂತಿ ದಿಬ್ಬದ ಕಡೆ ಹೊರಳಿತು. ಅವರು ಚಕ್ರವನ್ನು ಎದುರು ದಿಕ್ಕಿಗೆ ತಿರುಗಿಸಿದರು. ಮತ್ತೆ ತಿರುಗಿಸಿದರು.

"ಭಟ್ರೇ," ಎಂದರು, ತೀರಾ ಸಣ್ಣ ಸ್ವರದಲ್ಲಿ. ಆಮೇಲೆ ಚಕ್ರವನ್ನು ಒಂದೇ ಬೆರಳಿನಿಂದ ಸುತ್ತಿಸಿ ತೋರಿಸಿದರು.

ದಿಬ್ಬದ ಮೇಲೆ ತೆರೆ ಒಡೆಯುವ ಸದ್ದು ಕ್ಯಾಬಿನ್ನಿನೊಳಗೆ ಕೇಳುತ್ತಿತ್ತು. ಅವರು ಎಂಜಿನ್ ಹಿಂದಕ್ಕೆ ಹಾಕಿ ಬೋಟನ್ನು ತಡೆದರು, ಬೋಟು ಪೂರಾ ನಡುಗಿತು. ಎಲ್ಲಿಯೋ ಸೋರಿ ಎಣ್ಣೆ ಇಳಿದಿರಬೇಕು ಎಂದುಕೊಂಡೆ. ಹಿಂದೆ ಓಡಿ ದಂಡ ಹಾಕಿಸಬೇಕು, ಸಿಲಿಂಡರಿನ ವಾಲ್ವು ಬಿಡಿಸಬೇಕು, ಇಲ್ಲದಿದ್ದರೆ ದಂಡ ಅಲ್ಲಾಡುವುದಿಲ್ಲ. ಕ್ಯಾಬಿನ್ನಿನ ಬಾಗಿಲಿನಿಂದ ಹೊರಗೆ ಕಾಲಿಡುತ್ತ ಕೂಗಿದೆ: "ಮುಚ್ಚಳ ತೆಗ್ದು ನೋಡಿ, ಎಣ್ಣೆ ಉಂಟಾ ಅಂತ!"

ಅವರ ಕೈ ಅರ್ಧಕ್ಕೆ ಹೋಗಿ ನಿಂತಿತು.

"ನಾನು ಮುಟ್ಟಬಹುದಾ ಭಟ್ರೇ?"

ವ್ಯಂಗ್ಯ ಇರಲಿಲ್ಲ. ಇದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ನಾಲ್ಕು ಜನ ಸಾಯುವ ಹೊತ್ತಿನಲ್ಲಿ ಆ ಮನುಷ್ಯ ನಿಜವಾಗಿಯೂ ಅನುಮತಿ ಕೇಳುತ್ತಿದ್ದರು, ಒಂದು ಮುಚ್ಚಳ ಮುಟ್ಟಲಿಕ್ಕೆ.

"ಮುಟ್ಟಿ ಮಾರಾಯ್ರೇ, ಮುಟ್ಟಿ!"

ಹಿಂದೆ ಓಡಿದೆ. ಖಲಾಸಿಗಳು ಆಗಲೇ ದಂಡ ಎತ್ತಿದ್ದರು. ವಾಲ್ವಿನ ತಿರುಪು ಒದ್ದೆಯಾಗಿ ನನ್ನ ಬೆರಳಿನಿಂದ ಜಾರುತ್ತಿತ್ತು, ಅಂಗಿಯ ತುದಿ ಸುತ್ತಿ ತಿರುಗಿಸಿದೆ. ಮುಂದಿನಿಂದ ಅವರ ಸ್ವರ ಬಂತು: "ಎಣ್ಣೆ ತುಂಬ ಉಂಟು! ಮೇಲಿನವರೆಗೆ ಉಂಟು!"

ಎಣ್ಣೆ ತುಂಬಾ ಇದ್ದರೆ ಸೋರಿದ್ದಲ್ಲ. ಹಾಗಾದರೆ ಗುಂಡಿನ ಅಡಿ ಏನೋ ಕೂತಿದೆ. ಹೊಸ ಎಣ್ಣೆ, ಎರಡು ಸಲ ತೊಳೆದ ಪೈಪು, ಆ ದಿನದಿಂದ ಮುಚ್ಚಳ ತೆಗೆದವನು ನಾನೊಬ್ಬನೇ. ದಂಡಕ್ಕೆ ಎದೆ ಕೊಟ್ಟು ತಳ್ಳುತ್ತಿದ್ದಾಗ ನನಗೆ ಇದು ಲೆಕ್ಕ ಬಿಡಿಸಿದ ಹಾಗೆ ಗೊತ್ತಾಯಿತು. ಹೆದರಿಕೆ ತೆರೆಯದ್ದಾ ಇದರದ್ದಾ ಎಂದು ಕೇಳಿದರೆ ಹೇಳಲಾರೆ.

"ಎಡಕ್ಕೆ! ಇನ್ನೂ ಎಡಕ್ಕೆ! ಹಿಡ್ಕೊಳ್ಳಿ!"

ಅವರು ಕ್ಯಾಬಿನ್ನಿನ ಕಿಟಕಿಯಿಂದ ತಲೆ ಹೊರಗೆ ಹಾಕಿ, ಹಿಂದೆ ತೆರೆ ನೋಡುತ್ತ, ಒಂದು ಕೈಯಲ್ಲಿ ಎಂಜಿನ್ ಆಡಿಸುತ್ತ ಕೂಗುತ್ತಿದ್ದರು. ಎರಡನೆಯ ತೆರೆ ಪಕ್ಕಕ್ಕೆ ಬಡಿದು ನನ್ನನ್ನು ಮಂಡಿಯೂರಿಸಿತು. ಮೂರನೆಯದು ಬರುವ ಹೊತ್ತಿಗೆ ಮೂತಿ ನೇರವಾಗಿತ್ತು, ಅದು ನಮ್ಮನ್ನು ಎತ್ತಿ ಒಳಗೇ ತಳ್ಳಿತು. ನದಿಯ ಚಪ್ಪಟೆ ನೀರಿಗೆ ಬಂದಾಗ ಒಬ್ಬ ಖಲಾಸಿ ಕೂತಲ್ಲೇ ವಾಂತಿ ಮಾಡಿಕೊಂಡ.

ದಕ್ಕೆಗೆ ಕಟ್ಟಿದ ಕೂಡಲೇ ನಾನು ಪಂಪು ಬಿಚ್ಚಿದೆ. ಮೊನ್ನೆಯೇ ಮಾಡಬೇಕಾದ ಕೆಲಸ. ಗುಂಡನ್ನು ಚಿಮಟಿಯಿಂದ ಎತ್ತಿದೆ. ಅದು ಕೂರುವ ತೂತಿನ ಅಂಚಿಗೆ ಬಿಳಿ ಎಳೆಗಳ ಸಣ್ಣದೊಂದು ಸಿಂಬೆ ಅಂಟಿತ್ತು, ಅದರೊಳಗೆ ಒಂದು ಕೆಂಪು ಎಳೆ.

ಬನಿಯನ್ ವೇಸ್ಟಿನಲ್ಲೂ ಕೆಂಪು ನೂಲು ಇರಬಹುದು, ಯಾರೂ ಕೇಳುವುದಿಲ್ಲ. ಆದರೆ ಅಪ್ಪನ ಅಂಚಿನ ಕೆಂಪು ನನಗೆ ಗೊತ್ತಾಗದೆ ಇರುತ್ತದೆಯೇ. ಚಿಕ್ಕಂದಿನಲ್ಲಿ ಅದೇ ಅಂಚು ಹಿಡಿದು ಅವರ ಹಿಂದೆ ದೇವಸ್ಥಾನಕ್ಕೆ ನಡೆದವನು ನಾನು. ನೂಲು ಬಿಡುವ ಬಟ್ಟೆ ತರಬೇಡಿ ಎಂದು ಊರಿಗೆಲ್ಲ ಪಾಠ ಹೇಳಿದವನಿಗೆ, ನೂರಾರು ಸಲ ಒಗೆದು ಸವೆದ ಹತ್ತಿ ಬಟ್ಟೆ ನೂಲು ಬಿಡುತ್ತದೆಂದು ಹೊಳೆಯಲೇ ಇಲ್ಲ. ಯಾಕೆಂದರೆ ಅದು ನನ್ನ ಕಣ್ಣಿಗೆ ಬಟ್ಟೆಯಾಗಿರಲಿಲ್ಲ, ಮಡಿಯಾಗಿತ್ತು. ಹೊಲಸು ಏನಿದ್ದರೂ ಬೇರೆಯವರ ಕೈಯಿಂದ ಬರಬೇಕು ಎಂದು ನಾನು ಮೊದಲೇ ನಂಬಿ ಕೂತಿದ್ದೆ.

ಸುಳ್ಳು ಯಾಕೆ ಹೇಳಲಿ, ಆ ಎಳೆಯನ್ನು ಪ್ಯಾಂಟಿಗೆ ಒರೆಸಿಬಿಡುವ ಯೋಚನೆ ಬಂತು. ಹಳೆಯ ಕಸ ಪೈಪಿನಲ್ಲಿ ಉಳಿದಿತ್ತು ಎಂದರೆ ಆಯಿತು, ಅಕ್ಕ ನಂಬುತ್ತಾರೆ. ಗ್ಲಾಸಿನಾಚೆ ತಂಡೇಲರು ಹಗ್ಗದ ಸುರುಳಿಯ ಮೇಲೆ ಕೂತಿದ್ದರು, ಚೀಲ ಮಡಿಲಲ್ಲಿ. ಅಕ್ಕನ ಕಾರು ದಕ್ಕೆಯ ಗೇಟಿನೊಳಗೆ ಬರುವುದು ಕಾಣುತ್ತಿತ್ತು. ಅವರು ಎದ್ದು ನಿಂತು ಜೇಬಿನಿಂದ ಬೋಟಿನ ಕೀ ತೆಗೆದರು. ನಾನು ಅಂಗೈಯಲ್ಲಿ ಆ ಸಿಂಬೆ ಹಿಡಿದುಕೊಂಡು ಹೊರಗೆ ಬಂದೆ.

"ಅಕ್ಕ, ಕೀ ತಕೊಳ್ಬೇಡಿ. ಎಣ್ಣೆ ಹಾಳು ಮಾಡಿದ್ದು ನಾನು."

ಅಕ್ಕ ಕನ್ನಡಕ ಹಾಕಿಕೊಂಡು ನನ್ನ ಅಂಗೈ ನೋಡಿದರು. ಏನಾಯಿತೆಂದು ಎಲ್ಲ ಹೇಳಿದೆ, ಡ್ರಮ್ಮು, ಪಾಣಿಪಂಚೆ, ಅಳಿವೆ. ಮೊನ್ನೆ ಸೇರಿದ್ದ ಜನರೇ ಇಂದೂ ಇದ್ದರು, ಜೋರಾಗಿಯೇ ಹೇಳಿದೆ.

"ಮೊನ್ನೆ ನಾನು ಕೇಳಿದಾಗ ನೀವು ಹೌದು ಅಂದಿರಿ," ಎಂದರು ಅಕ್ಕ.

"ಅಂದೆ. ಪಂಪು ಬಿಚ್ಚದೆ ಅಂದೆ."

"ನಿಮ್ಮ ಬಾಯಿ ನಂಬಿ ನಾನು ಇವರ ಹೊಟ್ಟೆಗೆ ಹೊಡೀತಿದ್ದೆ ಭಟ್ರೇ." ಅಕ್ಕ ತಂಡೇಲರ ಕೈಯಲ್ಲಿದ್ದ ಕೀಯ ಮೇಲೆ ಅವರದೇ ಬೆರಳುಗಳನ್ನು ಮಡಚಿದರು. "ನಿಮ್ಮಲ್ಲೇ ಇರ್ಲಿ. ನನ್ನದೂ ತಪ್ಪಾಯ್ತು, ನಿಮ್ಮನ್ನು ಒಂದು ಮಾತು ಕೇಳ್ಬೇಕಿತ್ತು."

ನಾನು ತಂಡೇಲರ ಎದುರು ಹೋಗಿ ನಿಂತೆ. "ತಪ್ಪಾಯ್ತು ಮಾರಾಯ್ರೇ. ಆ ಮಾತು ಆಡ್ಬಾರದಿತ್ತು." ದೊಡ್ಡದಾಗಿ ಏನಾದರೂ ಹೇಳಬೇಕೆಂದು ಇತ್ತು, ಬಂದದ್ದು ಇಷ್ಟೇ.

"ಆಯ್ತು ಬಿಡಿ ಭಟ್ರೇ," ಎಂದರು. ಚೀಲ ತೆಗೆದುಕೊಂಡು ಕ್ಯಾಬಿನ್ನಿಗೆ ಹೋದರು. ಮೊಮ್ಮಗಳ ಫೋಟೋ ಗ್ಲಾಸಿಗೆ ಒರಗಿಸಿ ಇಡುವುದು ಕಾಣಿಸಿತು.

ಅಮ್ಮನಿಗೆ ಹೇಳಿದಾಗ ಅವರಿಗೆ ಅರ್ಥವಾಗಲಿಲ್ಲ. "ಮಡಿ ಬಟ್ಟೆಯಲ್ಲಿ ಎಂತ ದೋಷ?" ಎಂದು ಎರಡು ಸಲ ಕೇಳಿ, ಉಳಿದ ಎರಡು ತುಂಡುಗಳನ್ನು ಪೆಟ್ಟಿಗೆಗೆ ಹಾಕಿದರು. ನಾನು ಹೊಸ ಸ್ಟೀಲ್ ಜಾಲರಿ ತಂದೆ. ಸೀಲ್ ಇಲ್ಲದ ಎಣ್ಣೆ ಈಗ ಮುಟ್ಟುವುದಿಲ್ಲ. ಮುರಿದ ಮುಂಗೈಯ ಖಲಾಸಿ ದೀಪಾವಳಿಯ ಹೊತ್ತಿಗೆ ಬಲೆಗೆ ವಾಪಸಾದ. ಅವನನ್ನು ನೋಡಿದಾಗಲೆಲ್ಲ ನಾನೇ ಮೊದಲು ಮಾತಾಡಿಸುತ್ತೇನೆ.

ಡಿಸೆಂಬರಿನಲ್ಲಿ ಅದೇ ಬೋಟಿಗೆ ಸ್ವಲ್ಪ ಎಣ್ಣೆ ಹಾಕಲಿಕ್ಕೆ ಹೋದೆ. ತಂಡೇಲರು ಎದ್ದು ಬಾಗಿಲ ಹೊರಗೆ ಹೋಗಿ ಕೈ ಬೆನ್ನ ಹಿಂದೆ ಕಟ್ಟಿ ನಿಂತರು. ಹಿಂದೆ ಹೇಗೆ ನಿಲ್ಲುತ್ತಿದ್ದರೋ ಹಾಗೆಯೇ. ಉಸಿರಿನ ಮಾತು ಬರುತ್ತದೆಂದು ಕಾದೆ. ಬರಲಿಲ್ಲ. ಅವರು ಆಚೆ ಬೋಟಿನಿಂದ ಮೀನಿನ ಬುಟ್ಟಿ ಇಳಿಸುವುದನ್ನು ನೋಡುತ್ತಿದ್ದರು.

ನಾನು ಸೀಲ್ ಒಡೆಯದ ಕ್ಯಾನನ್ನೂ ಆಲಿಕೆಯ ಡಬ್ಬವನ್ನೂ ಅವರ ಕಡೆ ಚಾಚಿದೆ. "ಇವತ್ತು ನೀವೇ ಹಾಕಿ ಮಾರಾಯ್ರೇ."

ಅವರು ಕ್ಯಾನು ನೋಡಿದರು, ನನ್ನನ್ನು ನೋಡಿದರು. ಕೈ ಬೆನ್ನ ಹಿಂದೆಯೇ ಇತ್ತು.

"ಬೇಡ ಭಟ್ರೇ, ನೀವೇ ಹಾಕಿ," ಎಂದರು ಮೆಲ್ಲಗೆ, ಸಿಟ್ಟಿಲ್ಲದೆ. "ನಾಳೆ ಎಂತಾದ್ರೂ ಆದ್ರೆ ಮತ್ತೆ ನನ್ನ ಕೈ ಅಂತ ಆಗ್ತದೆ."

ನಾನು ಒಳಗೆ ಹೋಗಿ ಮುಚ್ಚಳದ ಸುತ್ತ ಒರೆಸಿದೆ. ಎಣ್ಣೆ ಹಾಕಿದೆ. ಅವರು ಹೊರಗೆ ನಿಂತಿದ್ದರು.